ಕಬ್ಬನ್ ಪಾರ್ಕ್ ಕೇಂದ್ರ ಗ್ರಂಥಾಲಯಕ್ಕೆ ಹಿಂದೆ ಹೊಸ ಭಾಗ: ನೆಲಮಾಳಿಗೆ ಮಾಡಬಹುದಾ?

ಕರಡು_ನಕ್ಷೆ:
ಆರ್ಕಿಟೆಕ್ಚರ್ ಕೊನೆ ವರ್ಷದ ಪ್ರಾಜೆಕ್ಟ್, ಕಾಗದದ ಮೇಲಷ್ಟೇ ಇರುವ ಕೆಲಸ. ಕಟ್ಟಡ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ (1915), ಅಂದರೆ ನಮ್ಮ ರಾಜ್ಯ ಕೇಂದ್ರ ಗ್ರಂಥಾಲಯ. ಮುಂದಿನ ಪ್ರತಿಮೆ, ಗುಲಾಬಿ ತೋಟದ ಕಡೆ ಕೈ ಹಾಕುತ್ತಿಲ್ಲ. ಹಿಂಭಾಗದಲ್ಲಿ 400 ಚ.ಮೀ. ಓದುವ ಕೋಣೆ, ಅದರ ಕೆಳಗೆ ನೆಲಮಾಳಿಗೆಯಲ್ಲಿ 40,000 ಪುಸ್ತಕ ಅಂದುಕೊಂಡಿದ್ದೇನೆ. ಹೊಸ ಗೋಡೆಯಿಂದ 6 ಮೀ. ದೂರದಲ್ಲಿ 60 ಸೆಂ.ಮೀ. ಕಾಂಡದ ಮಳೆಮರ ಇದೆ ಎಂದಿಟ್ಟುಕೊಂಡಿದ್ದೇನೆ. ಹಳೆ ಗೋಡೆಗೆ ಎಷ್ಟು ಹತ್ತಿರ ಹೋಗಬಹುದು? ಜೋಡಣೆ ಹೇಗೆ?

ಪಾಯದ_ಲೆಕ್ಕ:
ನೆಲಮಾಳಿಗೆ ಬಿಟ್ಟುಬಿಡಿ. ಪಾರ್ಕಿನ ಮಣ್ಣಲ್ಲಿ ಸುರಿದ ಮಳೆಯೆಲ್ಲ ನಿಮ್ಮ ಗೋಡೆಗೇ ಬರುತ್ತದೆ. ಪಂಪ್ ಒಂದು ರಾತ್ರಿ ಕೈಕೊಟ್ಟರೆ ಕೆಳಗಿನ ಎರಡು ಸಾಲು ಪುಸ್ತಕ ಹೋದವು. ಅದಕ್ಕಿಂತ ದೊಡ್ಡ ತೊಂದರೆ ಅಗೆತ. ಆ ಕಾಲದ ಪಾಯಕ್ಕೆ ಹೆಚ್ಚು ಆಳ ಇರುತ್ತದೆ ಎಂದು ನಂಬಬೇಡಿ. ಅದರ ಪಕ್ಕದಲ್ಲೇ 4 ಮೀ. ತೋಡಿದರೆ ಹಳೆ ಪಾಯದ ಕೆಳಗಿನ ಮಣ್ಣು ಪಕ್ಕಕ್ಕೆ ಜರಿಯುತ್ತದೆ. ಹಳೆ ಪಾಯದ ತಳದ ಅಂಚಿನಿಂದ 45 ಡಿಗ್ರಿ ಇಳಿಜಾರು ಗೆರೆ ಎಳೆಯಿರಿ, ನಿಮ್ಮ ಅಗೆತ ಆ ಗೆರೆಯ ಕೆಳಕ್ಕೆ ಇಳಿಯಬಾರದು. ಮೊದಲು ಗೋಡೆಗೆ ತಾಗಿದಂತೆ ಒಂದೆರಡು ಗುಂಡಿ ಕೈಯಲ್ಲೇ ತೋಡಿಸಿ ಪಾಯದ ಆಳ ನೋಡುವುದು ಎಂದು ನಿಮ್ಮ ವರದಿಯಲ್ಲಿ ಬರೆಯಿರಿ. ಪ್ರಾಜೆಕ್ಟ್ ಪರೀಕ್ಷಿಸುವ ಜೂರಿ ಕೇಳುವ ಮೊದಲ ಪ್ರಶ್ನೆಯೇ ಅದು.

ಮರದ ವಿಷಯ: ಕಾಂಡದ ವ್ಯಾಸದ 12 ಪಟ್ಟು ದೂರ ಬೇರಿನ ರಕ್ಷಣಾ ವಲಯ ಎಂಬುದು ಬ್ರಿಟಿಷ್ ಮಾನದಂಡ. 60 ಸೆಂ.ಮೀ.ಗೆ 7.2 ಮೀ. ನಿಮ್ಮ ಗೋಡೆ 1.2 ಮೀ. ಒಳಗೆ ಬಂದಿದೆ. ಕಟ್ಟಡ ಸರಿಸಿ. ಆಗದಿದ್ದರೆ ಆ ಮೂಲೆಯಲ್ಲಿ ಉದ್ದಕ್ಕೂ ಪಾಯದ ಕಂದಕ ಬೇಡ. ಬೇರುಗಳ ನಡುವೆ ಮೈಕ್ರೋಪೈಲ್, ಅಂದರೆ ನೆಲದೊಳಗೆ ಹೋಗುವ ಸಣ್ಣ ವ್ಯಾಸದ ಪಾಯದ ಕಂಬ, ಇಳಿಸಿ, ಅವುಗಳ ಮೇಲೆ ನೆಲಕ್ಕೆ ತಾಗದ ಬೀಮ್ ಇಡಿ. ಪೈಲ್ ಕೊರೆದೇ ಇಳಿಸಬೇಕು, ಬಡಿದು ಇಳಿಸಬಾರದು. ಸೂಕ್ಷ್ಮ ಹಳೆ ಕಟ್ಟಡದ ಪಾಯದ ಹತ್ತಿರ ಕಡಿಮೆ ಆವರ್ತನದ ಕಂಪನದ ವೇಗ ಸೆಕೆಂಡಿಗೆ 3 ಮಿ.ಮೀ. ದಾಟಬಾರದು ಎಂಬ ಜರ್ಮನ್ ಮಿತಿಯನ್ನೇ ಸಾಮಾನ್ಯವಾಗಿ ಹಿಡಿಯುತ್ತಾರೆ.

ರ್ಯಾಕ್_ಸಾಲು:
ನೆಲಮಾಳಿಗೆ ಬೇಡ ಎನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಹಾಗಾದರೆ 40,000 ಪುಸ್ತಕ ಎಲ್ಲಿ? ಲೆಕ್ಕ ಹಾಕೋಣ. 90 ಸೆಂ.ಮೀ. ಅಗಲ, 5 ತಟ್ಟು, ಎರಡೂ ಮುಖದ ರ್ಯಾಕಿನಲ್ಲಿ ತಟ್ಟಿಗೆ 25ರಂತೆ 250 ಪುಸ್ತಕ. ಹೊಸ ಪುಸ್ತಕಕ್ಕೆಂದು ಕಾಲುಭಾಗ ಖಾಲಿ ಬಿಟ್ಟರೆ 190 ಅಂದುಕೊಳ್ಳಿ. ಒಟ್ಟು ಸುಮಾರು 210 ರ್ಯಾಕ್. ಗಾಲಿಕುರ್ಚಿ ಹೋಗಲು 1.2 ಮೀ. ದಾರಿ ಬಿಟ್ಟರೆ ರ್ಯಾಕಿಗೆ ಸುಮಾರು 1.6 ಚ.ಮೀ. ಅಡ್ಡದಾರಿಗಳೂ ಸೇರಿದರೆ ನಿಮ್ಮ 400 ಚ.ಮೀ. ಅಲ್ಲಿಗೆ ಮುಗಿಯಿತು, ಒಂದು ಕುರ್ಚಿಗೂ ಜಾಗ ಇಲ್ಲ!

ಹಾಗಾಗಿ ತಿರುಗಿಸಿ ಯೋಚಿಸಿ. ಓದುಗರು ಹಳೆ ಭವನದಲ್ಲೇ ಇರಲಿ, ಪುಸ್ತಕ ಹೊಸ ಭಾಗಕ್ಕೆ ಹೋಗಲಿ. ಭಾರದ ಲೆಕ್ಕವೂ ಇದನ್ನೇ ಹೇಳುತ್ತದೆ: ಕಟ್ಟಡದ ಭಾರಗಳ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗದ ಪ್ರಕಾರ ಪುಸ್ತಕ ಬೇರೆಡೆ ಇರುವ ಓದುವ ಕೋಣೆಗೆ ಚ.ಮೀ.ಗೆ 3 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಅಂದರೆ ಸುಮಾರು 100 ಕೆ.ಜಿ. ಭಾರ), ರ್ಯಾಕ್ ಕೋಣೆಗೆ 2.2 ಮೀ. ಎತ್ತರದವರೆಗೆ 6, ಅದರ ಮೇಲೆ ಪ್ರತಿ ಮೀಟರಿಗೆ ಇನ್ನೂ 2. ಜಾಗ ಉಳಿಸಲು ಹಳಿಯ ಮೇಲೆ ಸರಿಯುವ ರ್ಯಾಕ್ ಹಾಕುವುದಾದರೆ ಭಾರ ಇನ್ನೂ ಏರುತ್ತದೆ, ಅದನ್ನು ನೆಲದ ಮೇಲೆ ನೇರವಾಗಿ ಕೂತ ಸ್ಲ್ಯಾಬಿನಲ್ಲಷ್ಟೇ ಇಡಿ. ಹಳಿಯ ಮಟ್ಟ ಸ್ವಲ್ಪ ತಪ್ಪಿದರೂ ತುಂಬಿದ ರ್ಯಾಕ್ ತಾನಾಗಿ ಜಾರಿ ಬರುತ್ತದೆ.

ಕರಡು_ನಕ್ಷೆ:
ಇಬ್ಬರಿಗೂ ಧನ್ಯವಾದ. ಓದುಗರು ಹಳೆ ಭಾಗಕ್ಕೆ, ಪುಸ್ತಕ ಹೊಸದಕ್ಕೆ, ಸರಿ. ನಡುವೆ ಗಾಜಿನ ಓಣಿ ಹಾಕುತ್ತೇನೆ. ಅದರ ಬೀಮ್ ಹಳೆ ಗೋಡೆಯ ಮೇಲೆ ಕೂರಿಸಬಹುದಾ?

ಸುಣ್ಣದ_ಗಾರೆ:
ಕೂರಿಸಬೇಡಿ. ಹೊಸ ಕಟ್ಟಡ ಮೊದಲ ಕೆಲವು ವರ್ಷ ಕೂರುತ್ತಲೇ ಇರುತ್ತದೆ, ಹಳೆಯದು ಕೂತು ಆಗಿದೆ. ಎರಡನ್ನೂ ಕಟ್ಟಿಹಾಕಿದರೆ ಹಳೆ ಗೋಡೆಯಲ್ಲಿ ಓರೆಯಾಗಿ ಬಿರುಕು ಬರುತ್ತದೆ. ಓಣಿಯ ನೆಲ, ಮಾಡು ಎರಡೂ ಹೊಸ ಭಾಗದಿಂದಲೇ ಚಾಚಿಕೊಂಡು ಬಂದು ಹಳೆ ಗೋಡೆಯಿಂದ 50 ಮಿ.ಮೀ. ಹಿಂದೆ ನಿಲ್ಲಲಿ. ನೆಲದಲ್ಲಿ ಆ ಸಂದಿನ ಮೇಲೆ ಒಂದೇ ಕಡೆ ಬಿಗಿದ, ಇನ್ನೊಂದು ಕಡೆ ಜಾರುವ ಲೋಹದ ಪಟ್ಟಿ.

ಮೇಲೆ ತಗಡಿನ ಹೊದಿಕೆ. ಅದನ್ನು ಸಿಕ್ಕಿಸಲು ಇಟ್ಟಿಗೆ, ಕಲ್ಲು ಕೊರೆಯಬೇಡಿ. ಇಟ್ಟಿಗೆಯ ಎರಡು ವರಸೆಗಳ ನಡುವಿನ ಗಾರೆ ಸಂದಿಯನ್ನು 25 ಮಿ.ಮೀ. ಕೆತ್ತಿ, ತಗಡಿನ ಮಡಿಕೆ ಒಳಗಿಟ್ಟು ಸುಣ್ಣದ ಗಾರೆಯಲ್ಲೇ ಮುಚ್ಚಿ. ಸಿಮೆಂಟ್ ಹಾಕಿದರೆ ಗೋಡೆಯೊಳಗಿನ ತೇವ ಹೊರಗೆ ಬರಲು ದಾರಿಯಿಲ್ಲದೆ ಅಕ್ಕಪಕ್ಕದ ಇಟ್ಟಿಗೆಯಲ್ಲಿ ಉಪ್ಪು ಹರಳುಗಟ್ಟಿ ಇಟ್ಟಿಗೆಯೇ ಪುಡಿಪುಡಿಯಾಗುತ್ತದೆ. ಹೊಸ ಓಣಿ ಎಸಿ ಆಗಿದ್ದರೆ ಇದು ಇನ್ನೂ ಬೇಗ.

ನಿಜವಾದ ತಲೆನೋವು ಅಲ್ಲಿನ ನೀರು. ಹಳೆ ಮಾಡಿನ ನೀರು ಸೀದಾ ಓಣಿಯ ಮೇಲೆ ಬೀಳುತ್ತದೆ. ಗಂಟೆಗೆ 100 ಮಿ.ಮೀ. ಮಳೆಗೆ 100 ಮಿ.ಮೀ. ವ್ಯಾಸದ ಪೈಪು ಒಂದು ಸುಮಾರು 40 ಚ.ಮೀ. ಮಾಡಿನ ನೀರನ್ನಷ್ಟೇ ತಾಳುತ್ತದೆ. ಲೆಕ್ಕಕ್ಕೆ ಒಂದೇ ಪೈಪು ಬಂದರೂ ಎರಡು ಹಾಕಿ, ಯಾಕೆಂದರೆ ಮಳೆಮರದ ಚಿಕ್ಕ ಎಲೆಗಳು ಜಾಲರಿಯಲ್ಲಿ ನುಸುಳಿ ಪೈಪಿನ ಮೊಣಕೈಯಲ್ಲಿ ಉಂಡೆಕಟ್ಟುತ್ತವೆ. ಮಾಡಿನ ನೀರು ಹಿಡಿಯುವ ದೋಣಿಯ ಹೊರ ಅಂಚಿನಲ್ಲಿ, ಗೋಡೆಯ ಕಡೆ ಅಲ್ಲ, ಉಕ್ಕಿದ ನೀರು ಹೊರಗೆ ಬೀಳುವ ತೂತು ಬಿಡಿ. ಒಬ್ಬ ಮನುಷ್ಯ ನಿಂತು ಕೈಯಲ್ಲಿ ಎಲೆ ತೆಗೆಯುವಷ್ಟು, ದೋಣಿ 45 ಸೆಂ.ಮೀ. ಅಗಲ ಇರಲಿ.

ಇನ್ನೊಂದು: ಓಣಿಯ ಮಾಡು ಹಳೆ ಸೂರಿಗಿಂತ ಕೆಳಗೇ ಇರಲಿ. ಕೆಂಪು ಬಣ್ಣ, ಕಂಬಗಳ ನಕಲು ಬೇಡ. ಹಳೆ ಕಟ್ಟಡಗಳ ಸಂರಕ್ಷಣೆಯ ಬಗ್ಗೆ ಇರುವ 1964ರ ವೆನಿಸ್ ಸನ್ನದಿನ 9ನೇ ವಿಧಿ ಅನಿವಾರ್ಯವಾದ ಹೊಸ ಕೆಲಸ ಹೊಸದೆಂದೇ ಕಾಣಬೇಕು ಎನ್ನುತ್ತದೆ.

ಪಾಯದ_ಲೆಕ್ಕ:
ರ‍್ಯಾಂಪ್ ಮರೆತಿದ್ದೀರಿ. ಹಳೆ ನೆಲ ಹೊರಗಿನ ಮಟ್ಟಕ್ಕಿಂತ 90 ಸೆಂ.ಮೀ. ಮೇಲಿದ್ದರೆ 1:12 ಇಳಿಜಾರಿಗೆ 10.8 ಮೀ. ಉದ್ದ, ಜೊತೆಗೆ ಮೇಲೆ, ಕೆಳಗೆ, ನಡುವೆ 1.5 ಮೀ. ತಂಗು. ಅದನ್ನು ಓಣಿಯೊಳಗೇ ಏರಿಸಿಬಿಟ್ಟರೆ ಹಳೆ ಮೆಟ್ಟಿಲಿಗೆ ಕೈ ಹಾಕುವುದೇ ಬೇಡ. ಅನುಮತಿಗಳ ಹಾಳೆಯಲ್ಲಿ 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ, 1976ರ ಮರಗಳ ಸಂರಕ್ಷಣಾ ಕಾಯ್ದೆ ಎರಡೂ ಬರಬೇಕು. ಮೊದಲನೆಯದು ಕಬ್ಬನ್ ಪಾರ್ಕಿಗೆ ನೇರವಾಗಿ ಅನ್ವಯಿಸುತ್ತದೆ, ಅದಕ್ಕೇ ಕಟ್ಟಡ ಚಿಕ್ಕದಾದಷ್ಟೂ ನಿಮ್ಮ ವಾದ ಗಟ್ಟಿ.