‘ಸಾರ್ವಜನಿಕ ಕೀಲಿ’: ಬೀಗವೋ, ಬೀಗದ ಕೈಯೋ?

ಎಲ್ಲರಿಗೂ ನಮಸ್ಕಾರ.

ಬ್ರೌಸರಿನಲ್ಲಿ ಗೂಢಲಿಪಿಯ ಇಮೇಲ್ ಬಳಸುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಪಬ್ಲಿಕ್ ಕೀ’, ‘ಪ್ರೈವೇಟ್ ಕೀ’ಗಳಿಗೆ ಸಾರ್ವಜನಿಕ ಕೀಲಿ, ಖಾಸಗಿ ಕೀಲಿ ಎಂದು ಬರೆದಿದ್ದೆ. ಕರಡು ಓದಿದ ಧಾರವಾಡದ ಗೆಳತಿಯೊಬ್ಬರು, “ಕೀಲಿಯನ್ನು ಎಲ್ಲರಿಗೂ ಹಂಚುತ್ತಾರೆ, ಸರಿ, ಕೀಲಿಕೈ ಯಾರ ಹತ್ತಿರ ಇರುತ್ತದೆ?” ಎಂದು ಕೇಳಿದರು.

ನನ್ನ ಮನೆಮಾತಿನಲ್ಲಿ ಇರುವುದು ಬೀಗ ಮತ್ತು ಬೀಗದ ಕೈ. ‘ಕೀಲಿ’ಯನ್ನು ಪುಸ್ತಕಗಳಿಂದ, ಕೀಲಿಮಣೆಯಿಂದ ಕಲಿತವನು ನಾನು. ಅವರ ಕಡೆ ಕೀಲಿ ಎಂದರೆ ಬೀಗವೇ. ಸೋಜಿಗವೆಂದರೆ, ತಂತ್ರದ ದೃಷ್ಟಿಯಿಂದ ಅವರ ಓದೇ ಹೆಚ್ಚು ಸರಿ. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಹೊರತಂದ ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶದಲ್ಲಿ ನನ್ನ ಸಾರ್ವಜನಿಕ ಕೀಲಿಯಿಂದ ಯಾರು ಬೇಕಾದರೂ ಪತ್ರವನ್ನು ಮುಚ್ಚಬಹುದು, ತೆರೆಯಲು ಮಾತ್ರ ಆಗದು; ಅದಕ್ಕೆ ನನ್ನ ಖಾಸಗಿ ಕೀಲಿಯೇ ಬೇಕು. ಮುಚ್ಚುವುದು ಬೀಗದ ಕೆಲಸವಲ್ಲವೇ? ಹಾಗಾದರೆ ‘ಬಹಿರಂಗ ಬೀಗ’, ‘ಖಾಸಗಿ ಬೀಗದ ಕೈ’ ಎನ್ನೋಣವೇ?

ಎರಡು ತೊಡಕುಗಳಿವೆ. ಅದೇ ಜೋಡಿಯಿಂದ ಸಹಿಯನ್ನೂ ಹಾಕುತ್ತೇವೆ. ಅಲ್ಲಿ ಖಾಸಗಿ ಕೀಲಿ ಮುದ್ರೆಯೊತ್ತುತ್ತದೆ, ಸಾರ್ವಜನಿಕ ಕೀಲಿ ಮುದ್ರೆಯನ್ನು ಪರೀಕ್ಷಿಸುತ್ತದೆ. ಬೀಗದ ಹೋಲಿಕೆ ಅಲ್ಲಿಗೆ ಮುರಿಯುತ್ತದೆ. ಇನ್ನೊಂದು, ಬ್ರೌಸರಿನಲ್ಲಿ ತಾಣದ ವಿಳಾಸದ ಪಕ್ಕ ವರ್ಷಗಟ್ಟಲೆ ನೋಡಿದ ಬೀಗದ ಚಿತ್ರ. ಅದು ಹೇಳುತ್ತಿದ್ದುದು ಬ್ರೌಸರಿಗೂ ಸರ್ವರಿಗೂ ನಡುವಿನ ದಾರಿ ಸುರಕ್ಷಿತ ಎಂಬುದನ್ನಷ್ಟೇ. ಜನ ಅದನ್ನು ತಾಣದ ಪ್ರಾಮಾಣಿಕತೆಯ ಗುರುತೆಂದು ನಂಬಿದರು. ಕ್ರೋಮ್ 2023ರಲ್ಲಿ ಆ ಚಿತ್ರವನ್ನೇ ಕೈಬಿಟ್ಟಿತು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಮುಂದಿನ ವಾಕ್ಯ. ‘ಕೀಲಿ ನಿಮ್ಮ ವಶದಲ್ಲೇ ಇರುತ್ತದೆ’ ಎಂದು ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಅಳವಡಿಸಿಕೊಂಡ ತಂತ್ರಾಂಶಕ್ಕೆ ಇದು ಬಹುಮಟ್ಟಿಗೆ ಒಪ್ಪುತ್ತದೆ. ಬ್ರೌಸರಿಗೆ ನಾವೇ ಸೇರಿಸಿಕೊಳ್ಳುವ ಮೇಲ್‌ವೆಲೋಪ್‌ನಂಥ ವಿಸ್ತರಣೆಗೂ ಒಪ್ಪಬಹುದು, ಅದರ ಕೋಡ್ ಇಮೇಲ್ ತಾಣದಿಂದ ಬರುವುದಿಲ್ಲ. ತಾಣದ ಪುಟದಲ್ಲೇ ಎಲ್ಲವೂ ನಡೆಯುವಾಗ ಹಾಗಲ್ಲ. ಅಲ್ಲಿ ಕೀಲಿಯನ್ನು ತಿರುಗಿಸುವ ಜಾವಾಸ್ಕ್ರಿಪ್ಟ್ ಸರ್ವರಿನಿಂದಲೇ ಇಳಿದು ಬರುತ್ತದೆ. ಸರ್ವರನ್ನು ಹಿಡಿತದಲ್ಲಿಟ್ಟುಕೊಂಡವರು ಒಂದು ದಿನ, ಒಬ್ಬರಿಗೆ ಮಾತ್ರ, ಬೇರೆ ಕೋಡ್ ಕಳುಹಿಸಿ ಪಾಸ್‌ವರ್ಡನ್ನೂ ಕೀಲಿಯನ್ನೂ ಎತ್ತಿಕೊಳ್ಳಬಹುದು. ಪುಟ ಎಂದಿನಂತೆಯೇ ಕಾಣುತ್ತದೆ. ಕೆನಡಾದ ಗೂಢಲಿಪಿ ಇಮೇಲ್ ಸೇವೆ ಹಶ್‌ಮೇಲ್, ನ್ಯಾಯಾಲಯದ ಆದೇಶದಂತೆ ಪತ್ರಗಳನ್ನು ಬಿಡಿಸಿದ ರೂಪದಲ್ಲೇ ಒಪ್ಪಿಸಿದ್ದು 2007ರಲ್ಲಿ ಬೆಳಕಿಗೆ ಬಂತು. ಗೂಢಲಿಪಿ ಬಿಡಿಸುವ ಕೆಲಸ ಸರ್ವರಿನಲ್ಲೇ ನಡೆಯುವ ಸುಲಭದ ವಿಧಾನವೊಂದು ಅಲ್ಲಿತ್ತು. ಬಳಕೆದಾರರ ಗುಪ್ತಪದ ಆ ಹೊತ್ತಿನಲ್ಲಿ ಸರ್ವರಿಗೆ ಸಿಗುತ್ತಿತ್ತು.

‘ವಶ’ ಎಂದರೆ ಹತ್ತಿರ ಇರುವುದಷ್ಟೇ ಅಲ್ಲ, ಹಿಡಿತವೂ ಹೌದು. ವಶವಾಗು, ವಶಪಡಿಸಿಕೊಳ್ಳು, ಪರವಶ, ಎಲ್ಲದರಲ್ಲೂ ಆ ಭಾವವಿದೆ. ಆದ್ದರಿಂದ ಬ್ರೌಸರಿನ ಪುಟಕ್ಕೆ ‘ಕೀಲಿ ನಿಮ್ಮ ಬಳಿ ಇರುತ್ತದೆ’ ಎಂದು ತಿದ್ದಬೇಕೆಂದಿದ್ದೇನೆ. ತಮ್ಮ ಸುರಕ್ಷತೆಯನ್ನೇ ಈ ವಾಕ್ಯಕ್ಕೆ ಒಪ್ಪಿಸುವ ಓದುಗರಿದ್ದಾರೆ. ಅವರಿಗೆ ಇಲ್ಲದ ಹಿಡಿತವನ್ನು ಇದೆ ಎನ್ನಲು ಮನಸ್ಸು ಒಪ್ಪುತ್ತಿಲ್ಲ. ‘ಬಳಿ’ಗೂ ‘ವಶ’ಕ್ಕೂ ಇರುವ ಈ ಅಂತರ ನಿಮ್ಮ ಕಿವಿಗೂ ಕೇಳಿಸುತ್ತದೆಯೇ?

ಕಲಬುರಗಿ, ಬೆಳಗಾವಿ, ವಿಜಯಪುರದ ಕಡೆಯವರು ದಯವಿಟ್ಟು ಇನ್ನೊಂದನ್ನು ತಿಳಿಸಿ: ನಿಮ್ಮ ಊರಿನ ಬಳಕೆಯಲ್ಲಿ ಬರಿಯ ‘ಕೀಲಿ’ಗೆ ಬೀಗದ ಕೈ ಎಂಬ ಅರ್ಥವೂ ಉಂಟೇ?