ವಿಭೂತಿ ಬುಧವಾರವೋ, ಬೂದಿ ಬುಧವಾರವೋ?

ಎಲ್ಲರಿಗೂ ನಮಸ್ಕಾರ, ಕಲಬುರಗಿಯಿಂದ. ಲೆಂಟ್ ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ. ಅದು ಶುರುವಾಗುವ, ಚರ್ಚಿನಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ದಿನವನ್ನು ಕನ್ನಡ ಕಥೋಲಿಕರು ವಿಭೂತಿ ಬುಧವಾರ ಅನ್ನುತ್ತಾರೆ. ಬೂದಿ ಬುಧವಾರ ಅನ್ನುವವರೂ ಇದ್ದಾರೆ. ಯಾವುದು ಹೆಚ್ಚು ಒಪ್ಪುತ್ತದೆ ಅನ್ನೋದು ನನ್ನ ಪ್ರಶ್ನೆ. ಈ ಸಲ ಚರ್ಚಿನಲ್ಲಿ ಆ ದಿನದ ಪಾಠ ಓದುವ ಸರದಿ ನನ್ನದು, ಹಾಗಾಗಿ ಇದು ತಲೆಗೆ ಹೊಕ್ಕಿದೆ.

ವಿಭೂತಿ ಅಂದರೆ ಏನು ಅಂತ ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಶರಣಬಸವೇಶ್ವರ ಗುಡಿಗೆ ಹೋಗಿ ಬಂದವರ ಹಣೆ ನೋಡಿದರೆ ಸಾಕು. ಲಿಂಗಾಯತರ ಅಷ್ಟಾವರಣಗಳಲ್ಲಿ, ಅಂದರೆ ಭಕ್ತನನ್ನು ಕಾಯುವ ಎಂಟರಲ್ಲಿ, ಅದೂ ಒಂದು, ಹಚ್ಚಿಕೊಂಡವರಿಗೆ ಕಾವಲು. ಸಂಸ್ಕೃತದಲ್ಲಂತೂ ಈ ಪದಕ್ಕೆ ವೈಭವ, ಐಶ್ವರ್ಯ ಅನ್ನುವ ಅರ್ಥ. ಗೀತೆಯ 10ನೇ ಅಧ್ಯಾಯದ ಹೆಸರೇ ವಿಭೂತಿಯೋಗ.

ಆ ಬುಧವಾರದ ಪಾಠಗಳ ಧಾಟಿಯೇ ಬೇರೆ. ಮೊದಲು ಯೋವೇಲ 2:12-18. ಹರಿದುಕೊಳ್ಳಬೇಕಾದ್ದು ಬಟ್ಟೆಯನ್ನಲ್ಲ, ಎದೆಯನ್ನು ಅನ್ನುತ್ತಾನೆ ಪ್ರವಾದಿ. ಆಮೇಲೆ 51ನೇ ಕೀರ್ತನೆ, ಪೂರಾ ತಪ್ಪೊಪ್ಪಿಗೆ. ಬೂದಿ ಹಚ್ಚುವಾಗ ಗುರುಗಳು ಹೇಳುವ ಮಾತು ಆದಿಕಾಂಡ 3:19ರದು: ನೀನು ಮಣ್ಣು, ಮಣ್ಣಿಗೇ ಸೇರುವೆ. (ಇದರ ಬದಲು ಮಾರ್ಕ 1:15ರ ಮಾತು, ಪಶ್ಚಾತ್ತಾಪಪಟ್ಟು ಶುಭಸಂದೇಶವನ್ನು ನಂಬಿ ಅಂತ, ಹೇಳುವುದೂ ಉಂಟು.) ಅಬ್ರಹಾಮ ದೇವರ ಮುಂದೆ ತಾನು ಬರೀ ಮಣ್ಣು, ಬೂದಿ ಅನ್ನುತ್ತಾನೆ. ಹೀಬ್ರೂನಲ್ಲಿ ಅದು ಅಫಾರ್, ಎಫೆರ್. ಕಿವಿಗೆ ಎಷ್ಟು ಚೆಂದದ ಜೋಡಿ, ಅಲ್ವಾ? ಯೋನನ ಮಾತು ಮುಟ್ಟಿದಾಗ ನಿನೆವೆಯ ಅರಸ ಗೋಣಿತಟ್ಟು ಸುತ್ತಿಕೊಂಡು ಕೂತದ್ದೂ ಬೂದಿಯಲ್ಲೇ. ಕನ್ನಡ ಬೈಬಲ್ಲಿನಲ್ಲಿ ಇಲ್ಲೆಲ್ಲ ಇರುವ ಪದ ಬೂದಿ. ಒಲೆಯ ಬೂದಿಗಿಂತ ಜಾಸ್ತಿ ಬೆಲೆ ಅದಕ್ಕಿಲ್ಲ.

ಆದರೆ ನಮ್ಮ ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ. ಹೋದ ವರ್ಷದ ಗರಿಗಳ ಭಾನುವಾರದ (ಈಸ್ಟರ್‌ಗೆ ಒಂದು ವಾರ ಮುಂಚಿನದು) ಗರಿ ಸುಟ್ಟು, ಪ್ರಾರ್ಥನೆ ಮಾಡಿ ಹಚ್ಚುವುದನ್ನು ಸುಮ್ನೆ ಬೂದಿ ಅನ್ನೋದಾ ಎಂದರು. ಮಾತಿನಲ್ಲಿ ಹುರುಳಿದೆ. ಹಣೆಗೆ ಹಚ್ಚುವ ಬೂದಿಗೆ ಕನ್ನಡದಲ್ಲಿ ಮೊದಲಿಂದ ಇರುವ ಹೆಸರು ವಿಭೂತಿ. ತಮಿಳರೂ ತಿರುನೀಟ್ರು ಪುದನ್ ಅನ್ನುತ್ತಾರೆ, ತಿರುನೀರು ಅಂದರೆ ವಿಭೂತಿಯೇ. ಬೀದರ್ ದಾಟಿ ಮರಾಠಿ ಸೀಮೆಗೆ ಹೋದರೆ ರಾಖೇಚಾ ಬುಧವಾರ್, ಅಂದರೆ ಬರೀ ಬೂದಿ.

ನನ್ನ ಓಟು ಬೂದಿಗೆ. ಕಾರಣ ಅದೇ ದಿನದ ಶುಭಸಂದೇಶ, ಮತ್ತಾಯ 6. ಉಪವಾಸ ಮಾಡುವಾಗ ಮೋರೆ ಬಾಡಿಸಿಕೊಂಡು ಊರಿಗೆ ತೋರಿಸಬೇಡ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೋ ಅನ್ನುತ್ತಾನೆ ಯೇಸು. ಅದನ್ನು ಕೇಳಿಸಿಕೊಂಡ ಮೇಲೆಯೇ ನಾವು ಹಣೆಗೆ ಹಚ್ಚಿಸಿಕೊಳ್ಳೋದು! ಇಟಲಿಯಲ್ಲಿ ನೆತ್ತಿಯ ಮೇಲೆ ಉದುರಿಸುತ್ತಾರೆ, ಅಷ್ಟಾಗಿ ಕಾಣುವುದಿಲ್ಲ. ನಮ್ಮಲ್ಲಿ ಗುರುತು ಎದ್ದು ಕಾಣುತ್ತದೆ, ಹೆಸರಾದರೂ ಸಾದಾ ಇರಲಿ.

ಜೊತೆಗೆ ಇನ್ನೊಂದು. ನಮ್ಮ ಕಡೆ ಒಪ್ಪತ್ತು ಅಂದರೆ ದಿನಕ್ಕೆ ಒಂದೇ ಊಟ. ಕಥೋಲಿಕರ ಆ ದಿನದ ನಿಯಮವೂ ಹೆಚ್ಚುಕಡಿಮೆ ಅದೇ: ಹೊಟ್ಟೆ ತುಂಬ ಒಂದೇ ಸಲ, ಮಾಂಸ ಇಲ್ಲ. ಆದರೂ ಉಪವಾಸ ಅಂತಲೇ ಬರೆಯುತ್ತೇವೆ. ನಿಮ್ಮ ಕಡೆ ಚರ್ಚುಗಳಲ್ಲಿ ಒಪ್ಪತ್ತು ಬಳಕೆಯಲ್ಲಿದೆಯಾ? ಹಳೇ ಮೈಸೂರು ಕಡೆಯವರು ದಯವಿಟ್ಟು ತಿಳಿಸಿ.