ಒರೆಕ್ಸಿನ್ ಸಂಶೋಧನೆ ಈಗ ಯಾವ ಕಡೆ ಹೋಗುತ್ತಿದೆ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಒರೆಕ್ಸಿನ್ ಅನ್ನೋ ನ್ಯೂರೋಪೆಪ್ಟೈಡ್ (ನರಕೋಶಗಳು ಸಂದೇಶ ಕಳಿಸಲು ಬಳಸುವ ಪುಟ್ಟ ಪ್ರೋಟೀನ್) ತೆಗೆದುಕೊಳ್ಳೋಣ ಅಂದುಕೊಂಡಿದ್ದೇನೆ. ಹುಡುಕಿದರೆ ಒಂದು ಪೇಪರ್ ಹಸಿವು ಅನ್ನುತ್ತೆ, ಇನ್ನೊಂದು ನಿದ್ರೆ, ಮತ್ತೊಂದು ಚಟ. ತಲೆ ಕೆಟ್ಟುಹೋಗಿದೆ. ವರ್ಷಕ್ಕೆ ಎಷ್ಟು ಪೇಪರ್ ಬಂದಿವೆ ಅಂತ ಎಣಿಸಿ ಗ್ರಾಫ್ ಹಾಕಿದರೆ ಟ್ರೆಂಡ್ ಗೊತ್ತಾಗುತ್ತಾ?

ಉತ್ತರ: ಸುಮ್ನೆ ಎಣಿಸಿದರೆ ಹೆಚ್ಚೇನೂ ಗೊತ್ತಾಗುವುದಿಲ್ಲ. ನೀವು ಬರೀ ‘ಒರೆಕ್ಸಿನ್’ ಅಂತ ಹುಡುಕಿದ್ದರೆ ಎಷ್ಟೋ ಪೇಪರ್ ತಪ್ಪಿಹೋಗಿರುತ್ತವೆ. ಇದಕ್ಕೆ ‘ಹೈಪೋಕ್ರೆಟಿನ್’ ಅಂತ ಇನ್ನೊಂದು ಹೆಸರಿದೆ. 1998ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಇದನ್ನೇ ಕಂಡುಹಿಡಿದು ಎರಡು ಹೆಸರಿಟ್ಟವು. ಸಕುರಾಯ್ ಮತ್ತು ಯಾನಗಿಸಾವ ಅವರ ತಂಡ ಇಲಿಗಳ ಮೆದುಳಿಗೆ ಇದನ್ನು ಕೊಟ್ಟಾಗ ಅವು ಜಾಸ್ತಿ ತಿಂದವು. ಹಾಗಾಗಿ ಹಸಿವು ಅನ್ನುವ ಅರ್ಥದ ಗ್ರೀಕ್ ಪದದಿಂದ ಒರೆಕ್ಸಿನ್ ಅಂದರು. ನಿಮ್ಮನ್ನು ಗೊಂದಲಕ್ಕೆ ಹಾಕಿದ್ದು ಈ ಹೆಸರೇ.

ಮರುವರ್ಷವೇ ಕಥೆ ತಿರುಗಿತು. ಯಾನಗಿಸಾವ ತಂಡ ಒರೆಕ್ಸಿನ್ ಜೀನ್ ತೆಗೆದ ಇಲಿಗಳನ್ನು ಕತ್ತಲಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟು ನೋಡಿತು. ಇಲಿಗಳು ರಾತ್ರಿ ಚುರುಕಾಗಿರುತ್ತವೆ ಅಲ್ವಾ? ಇವು ಓಡಾಡುತ್ತಿದ್ದ ಹಾಗೇ ದಿಢೀರಂತ ಪಕ್ಕಕ್ಕೆ ಉರುಳಿ ಬಿದ್ದವು, ಸ್ವಲ್ಪ ಹೊತ್ತಿಗೆ ಏನೂ ಆಗದ ಹಾಗೆ ಎದ್ದು ಓಡಿದವು. ಅದೇ ವರ್ಷ ಮಿಗ್ನೋ ಅವರ ತಂಡ, ಊಟದ ತಟ್ಟೆ ಕಂಡ ಖುಷಿಗೇ ಕಾಲು ಕುಸಿದು ಬೀಳುವ ಡಾಬರ್‌ಮನ್ ನಾಯಿಗಳಲ್ಲಿ ಒರೆಕ್ಸಿನ್‌ನ ಎರಡನೇ ರಿಸೆಪ್ಟರ್ (ಕೋಶದ ಮೇಲೆ ಒರೆಕ್ಸಿನ್ ಕೀಲಿಯ ಹಾಗೆ ಹೊಂದಿಕೊಳ್ಳುವ ಬೀಗ) ಕೆಟ್ಟಿರುವುದನ್ನು ತೋರಿಸಿತು. ಎರಡೂ ನಾರ್ಕೊಲೆಪ್ಸಿಯೇ, ಅಂದರೆ ಹಗಲಲ್ಲೂ ತಡೆಯಲಾಗದ ನಿದ್ರೆ ಬರುವ, ಕೆಲವೊಮ್ಮೆ ಹೀಗೆ ಮೈ ಕುಸಿಯುವ ಕಾಯಿಲೆ. 2000ರಲ್ಲಿ ಮನುಷ್ಯರ ಸರದಿ: ಒಂಬತ್ತು ರೋಗಿಗಳ ಬೆನ್ನುಹುರಿ ದ್ರವ ತೆಗೆದು ನೋಡಿದರೆ ಏಳು ಜನರಲ್ಲಿ ಇದು ಪತ್ತೆಯೇ ಆಗಲಿಲ್ಲ. ಈಗ ಮಿಲಿಲೀಟರ್‌ಗೆ 110 ಪಿಕೋಗ್ರಾಂ ಅಥವಾ ಕಡಿಮೆ ಇದ್ದರೆ ಅದು ಟೈಪ್ 1 ನಾರ್ಕೊಲೆಪ್ಸಿ ಗುರುತಿಸುವ ಒಂದು ಅಳತೆ. ಮನುಷ್ಯನ ಮೆದುಳಲ್ಲಿ ಒರೆಕ್ಸಿನ್ ಮಾಡುವ ಜೀವಕೋಶ ಇರುವುದೇ ಸುಮಾರು 70 ಸಾವಿರ. ಅಷ್ಟು ಸಣ್ಣ ಗುಂಪು ಹೋದರೆ ಎಚ್ಚರ ನಿಲ್ಲುವುದಿಲ್ಲ.

ನನ್ನ ಲೆಕ್ಕದಲ್ಲಿ ನಿಜವಾದ ಟ್ರೆಂಡ್ ಅಂದರೆ ಒರೆಕ್ಸಿನ್ ತಡೆಯುವುದರಿಂದ ಅದನ್ನು ಕೊಡುವುದಕ್ಕೆ ಬಂದಿರುವುದು. ಮೊದಲು ರಿಸೆಪ್ಟರ್ ಮುಚ್ಚುವ ನಿದ್ರೆ ಮಾತ್ರೆಗಳು ಬಂದವು. ಅಮೆರಿಕದಲ್ಲಿ ಸುವೊರೆಕ್ಸಂಟ್‌ಗೆ 2014ರಲ್ಲಿ ಒಪ್ಪಿಗೆ ಸಿಕ್ಕಿತು, ಆಮೇಲೆ ಲೆಂಬೊರೆಕ್ಸಂಟ್, ಡ್ಯಾರಿಡೊರೆಕ್ಸಂಟ್. ಇಲ್ಲದ ಒರೆಕ್ಸಿನ್ ಕೊಡುವುದು ಕಷ್ಟದ ಕೆಲಸ. ಒರೆಕ್ಸಿನ್-ಎ 33 ಅಮೈನೋ ಆಮ್ಲಗಳ ಸರ, ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತೆ. ಅದೇ ಬೀಗಕ್ಕೆ ಹೊಂದುವ ಸಣ್ಣ ಅಣು ಮಾಡಬೇಕು. ಟಾಕ್-994 ಅನ್ನುವುದು ಚೆನ್ನಾಗಿ ಕೆಲಸ ಮಾಡಿತು, ಆದರೆ ಯಕೃತ್ತಿಗೆ ಪೆಟ್ಟು ಬಿದ್ದು 2021ರಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ಅದರ ನಂತರದ ಒವೆಪೊರೆಕ್ಸ್‌ಟನ್ ಎರಡನೇ ಹಂತದ ಪ್ರಯೋಗದಲ್ಲಿ ರೋಗಿಗಳನ್ನು ಹಗಲು ಎಚ್ಚರವಾಗಿಟ್ಟಿತು. ಫಲಿತಾಂಶ 2025ರಲ್ಲಿ ಪ್ರಕಟವಾಗಿದೆ.

ಇನ್ನೊಬ್ಬ ಸದಸ್ಯರು: ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ರಿಸೆಪ್ಟರ್ ಮುಚ್ಚುವ ಮಾತ್ರೆ ತಗೊಂಡರೆ ನಾರ್ಕೊಲೆಪ್ಸಿ ಬರೋದಿಲ್ವಾ?

ಉತ್ತರ: ಒಳ್ಳೆ ಅನುಮಾನ. ರೋಗದಲ್ಲಿ ಕೋಶಗಳೇ ಸತ್ತುಹೋಗಿರುತ್ತವೆ. ಮಾತ್ರೆ ಕೋಶ ಕೊಲ್ಲುವುದಿಲ್ಲ, ಔಷಧಿ ಇಳಿದರೆ ರಿಸೆಪ್ಟರ್ ಮತ್ತೆ ತೆರೆಯುತ್ತೆ. ಆದರೂ ಎಚ್ಚರವಿದ್ದು ಮೈ ಅಲುಗದ ಅನುಭವ ಆಗಬಹುದು ಅಂತ ಲೇಬಲ್‌ನಲ್ಲೇ ಎಚ್ಚರಿಕೆ ಇದೆ. ನಾರ್ಕೊಲೆಪ್ಸಿ ಇರುವವರಿಗಂತೂ ಕೊಡಲೇಬಾರದು.

ಪ್ರಶ್ನೆ ಕೇಳಿದವರು: ಹಾಗಾದರೆ ಚಟ, ಮರೆವಿನ ಕಾಯಿಲೆ ಅನ್ನೋದೆಲ್ಲ ಬರೀ ಫ್ಯಾಷನ್ನಾ ಮೇಡಂ?

ಉತ್ತರ: ಚಟದ್ದು ಫ್ಯಾಷನ್ ಅಲ್ಲ. ಹೆರಾಯಿನ್ ಚಟವಿದ್ದು ತೀರಿಕೊಂಡವರ ಮೆದುಳಿನಲ್ಲಿ ಒರೆಕ್ಸಿನ್ ಕೋಶಗಳು ಸರಾಸರಿ 54% ಜಾಸ್ತಿ ಕಂಡವು ಅಂತ 2018ರಲ್ಲಿ ವರದಿಯಾಯಿತು. ಮಾರ್ಫಿನ್ ಕೊಟ್ಟ ಇಲಿಗಳಲ್ಲೂ ಹಾಗೇ. ನನಗೆ ಇದು ತುಂಬಾ ಕುತೂಹಲದ ದಾರಿ.

ಅಲ್ಜೈಮರ್ ವಿಷಯದಲ್ಲಿ ಸ್ವಲ್ಪ ತಡೆಯಿರಿ. 2023ರಲ್ಲಿ 38 ಜನರ ಒಂದು ಪ್ರಯೋಗದಲ್ಲಿ ಸುವೊರೆಕ್ಸಂಟ್ ಕೊಟ್ಟ ರಾತ್ರಿ ಅಮೈಲಾಯ್ಡ್ (ಅಲ್ಜೈಮರ್‌ನಲ್ಲಿ ಮೆದುಳಲ್ಲಿ ಶೇಖರವಾಗುವ ಪ್ರೋಟೀನ್) ಇಳಿಯಿತು. ಎರಡು ರಾತ್ರಿಯ ಅಳತೆ ಅದು. ಕಾಯಿಲೆ ತಡೆಯುತ್ತೆ ಅಂತ ಅದರಿಂದ ಹೇಳಲಾಗದು.

ನಿಮ್ಮ ಪ್ರಾಜೆಕ್ಟ್‌ಗೆ ಒಂದು ರಿಸೆಪ್ಟರ್, ಒಂದು ಪ್ರಶ್ನೆ ಸಾಕು. ಹುಷಾರಾಗಿರಬೇಕಾದ್ದು ಆಂಟಿಬಾಡಿ (ಒಂದು ಪ್ರೋಟೀನ್‌ಗೆ ಅಂಟಿಕೊಂಡು ಅದು ಎಲ್ಲಿದೆ ಅಂತ ಬಣ್ಣದಲ್ಲಿ ತೋರಿಸಲು ಬಳಸುವ ಅಣು) ವಿಷಯದಲ್ಲಿ. ಒರೆಕ್ಸಿನ್ ರಿಸೆಪ್ಟರ್‌ಗೆ ಅಂತ ಮಾರುವ ಎಷ್ಟೋ ಆಂಟಿಬಾಡಿಗಳು ಬೇರೇನನ್ನೋ ಹಿಡಿದುಕೊಳ್ಳುತ್ತವೆ. ರಿಸೆಪ್ಟರೇ ಇಲ್ಲದ ಇಲಿಯ (ನಾಕ್‌ಔಟ್ ಇಲಿ ಅಂತಾರೆ) ಮೆದುಳಿನ ಸ್ಲೈಸ್ ಮೇಲೂ ಬಣ್ಣ ಬಂದರೆ ಆ ಬಾಟಲಿ ಎತ್ತಿಡಿ. ನಾನು ಶುರುವಿನಲ್ಲಿ ಇದನ್ನು ನೋಡದೆ ಆರು ತಿಂಗಳು ಹಾಳು ಮಾಡಿಕೊಂಡೆ.

ಪ್ರಶ್ನೆ ಕೇಳಿದವರು: ನಾನು ಆಂಟಿಬಾಡಿ ಆರ್ಡರ್ ಮಾಡಿಯೇಬಿಟ್ಟಿದ್ದೇನೆ ಮೇಡಂ 😟

ಉತ್ತರ: ಪರವಾಗಿಲ್ಲ. ಅದು ಬರುವಷ್ಟರಲ್ಲಿ ನಾಕ್‌ಔಟ್ ಇಲಿಯ ಸ್ಲೈಸ್ ಫ್ರೀಜರ್‌ನಲ್ಲಿ ಇದೆಯಾ ಅಂತ ಗೈಡ್ ಹತ್ತಿರ ಕೇಳಿಡಿ.